ಸತ್ತ ತೋಟದ ದ್ರಾಕ್ಷಿ

ಪಿನ್ಯಾವ್ ಬಸ್ ನಿಲ್ದಾಣದಲ್ಲಿ ಫಿಲೊಮೆನಾಳ ಬೆನ್ನ ಹಿಂದೆ ಇಬ್ಬರು ಮಾತಾಡುತ್ತಿದ್ದರು: ಪ್ರವಾಸಿಗರನ್ನು ಸುತ್ತಿಸುವ ಬೆಲ್ಮಿರೊ, ಅವನ ಗೆಳೆಯ ಜೆಫೆರಿನೊ.

“ನಿನ್ನೆ ನನ್ನ ಮಗಳು ಗ್ರಾಸಾ ಪ್ರವಾಸಿಗಳನ್ನ ಗುಡ್ಡದ ಮೇಲಿನ ಸತ್ತ ತೋಟಕ್ಕೆ ಕರ್ಕೊಂಡು ಹೋಗಿದ್ಲು. ಅಲ್ಲೊಬ್ಬ ಮುದುಕ ದ್ರಾಕ್ಷಿ ಕೊಟ್ಟನಂತೆ.”

“ನಿನ್ನ ಪ್ರವಾಸಿಗಳು ಕುಡ್ದಿದ್ರು ಬಿಡು. ಹುಳ ಬಿದ್ದು ಆ ತೋಟ ಸತ್ತು ನೂರು ವರ್ಷ ಆಯ್ತು, ಅಲ್ಲಿ ಬಳ್ಳಿ ಎಲ್ಲಿದೆ ಮಾರಾಯ?”

“ಎಲ್ಲರ ತುಟೀನೂ ಕಪ್ಪಾಗಿತ್ತು.”

“ಗ್ರಾಸಾನೂ ತಿಂದ್ಲಾ?”

“ತಿಂದ್ಲು. ಬೆಳಗ್ಗೆಯಿಂದ ಒಂದೇ ಹಟ, ಕೊಯ್ಲಿಗೆ ಕರೆದಿದ್ದಾರೆ, ಹೋಗ್ಬೇಕು ಅಂತ.”

“ಮಾರ್ಚ್‌ನಲ್ಲಿ ಕೊಯ್ಲಾ? ಇಲ್ಲಿ ದ್ರಾಕ್ಷಿ ಹಣ್ಣಾಗೋದೇ ಸೆಪ್ಟೆಂಬರಿಗೆ.”

“ಅದಕ್ಕೇ ಕೋಣೇಲಿ ಕೂಡಿಹಾಕಿ ಬೀಗ ಜಡಿದು ಬಂದಿದೀನಿ.”



“ಬೆಲ್ಮಿರೊ, ಈಗಷ್ಟೇ ಅವಳು ಬುಟ್ಟಿ ಹೊತ್ಕೊಂಡು ಗುಡ್ಡ ಹತ್ತುತ್ತಿದ್ಲು. ನಾನು ಕೈ ಬೀಸ್ದೆ.”

“ಒಬ್ಬಳೇನಾ?”

“ಹಿಂದೆ ಸಾಲಾಗಿ ಜನ ಇದ್ರು. ನಮ್ಮೂರೋರು ಒಬ್ರೂ ಇರ್ಲಿಲ್ಲ.”

ಬಸ್ಸು ಬಂದು ನಿಂತಿತು. ಫಿಲೊಮೆನಾ ತಿರುಗಿದಾಗ ಇಬ್ಬರೂ ಗುಡ್ಡದ ಕಡೆಗೆ ಓಡುತ್ತಿದ್ದರು.