ಮಣ್ಣು ತಿನ್ನದ ಅಂಗಿ

ವೇದಿಕೆಯ ಮೇಲಿರುವ ಪ್ರಾಂಶುಪಾಲರೇ, ಮುಖ್ಯ ಅತಿಥಿಗಳೇ, ಇಂದು ಸನ್ಮಾನ ಪಡೆದ ಸಾವಯವ ಕೃಷಿಕರ ಸಂಘದ ಹನ್ನೊಂದು ಮಂದಿ ಹಿರಿಯರೇ, ಹೊರಗೆ ಚಹಾ ತಣ್ಣಗಾಗುತ್ತಿದ್ದರೂ ಎದ್ದು ಹೋಗದ ಸಭಿಕರೇ,

ನಾನು ಮೊದಲ ವರ್ಷದ ವಿದ್ಯಾರ್ಥಿನಿ. ನನ್ನದು ವಂದನಾರ್ಪಣೆ, ಎರಡೇ ನಿಮಿಷ. ಬರೆದು ತಂದಿದ್ದೇನೆ. ಹಾಸ್ಟೆಲಿನಲ್ಲಿ ಬೆಳೆದವಳು, ನಡುವೆ ಇಂಗ್ಲಿಷ್ ನುಗ್ಗಿದರೆ ಕ್ಷಮಿಸಿ.

ಸಣ್ಣ ರೈತರಿಗೆ ಮಣ್ಣು ಪರೀಕ್ಷೆಯ ಲ್ಯಾಬ್ ದೂರ. ಹಾಗಾಗಿ ಸಂಘದವರದ್ದು ಒಂದು ಸುಲಭ ಪದ್ಧತಿ: ಹಳೆಯ ಹತ್ತಿ ಬಟ್ಟೆಯೊಂದನ್ನು ಗೇಣು ಆಳದಲ್ಲಿ ಹೂಳುವುದು, ಎರಡು ತಿಂಗಳ ನಂತರ ಎಲ್ಲರೆದುರು ಅಗೆಯುವುದು. ಬಟ್ಟೆ ಕರಗಿದ್ದರೆ ಮಣ್ಣಿಗೆ ಜೀವ ಬಂದಿದೆ. ಹಾಗೇ ಇದ್ದರೆ ಇನ್ನೂ ಬಂದಿಲ್ಲ. ಇದಕ್ಕಿಂತ ಪ್ರಾಮಾಣಿಕ ಪರೀಕ್ಷೆ ನಮ್ಮ ಕಾಲೇಜಿನಲ್ಲಿದೆಯೇ? ಪರೀಕ್ಷಾ ವಿಭಾಗದವರು ಬೇಸರಿಸಬಾರದು.

ಮೂರನೇ ಸಾಲಿನಲ್ಲಿ, ಪ್ರಮಾಣಪತ್ರವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿರುವವಳು ನನ್ನ ಅಮ್ಮ. ಮೂರು ವರ್ಷ ಅಂಗಡಿಯ ಗೊಬ್ಬರ ಮುಟ್ಟದೆ, ಸೊಪ್ಪು ಸಗಣಿ ಹೊತ್ತು ಹಾಕಿದ ಮುಕ್ಕಾಲು ಎಕರೆ ಅವಳದು. "ನಿನ್ನದೇ ಒಂದು ಅಂಗಿ ಕೊಡು, ನೀನೂ ಹೊಲದಲ್ಲಿ ಇದ್ದ ಹಾಗಾಗುತ್ತೆ" ಎಂದಳು. ಶಾಲೆಯ ಬಿಳಿ ಅಂಗಿ ಕೊಟ್ಟೆ. ರಜೆಯಲ್ಲಿ ನಾನಿದ್ದಾಗಲೇ ಅಗೆದರು. ಇಸ್ತ್ರಿ ಒಂದು ಬಾಕಿ, ಅಂಗಿ ಹಾಗೇ ಇತ್ತು. ನಾಳೆ ಹಾಕಿಕೊಂಡು ಹೋಗಬಹುದು ಎಂದರು ಪಕ್ಕದ ಹೊಲದ ಮಾವ. ಯಾರೂ ನಗಲಿಲ್ಲ.

ಮನೆಗೆ ಬಂದು ಕೈ ತೊಳೆಯುತ್ತ ಅಮ್ಮ ಹೇಳಿದಳು: "ಸಾಕು ಮರಿ. ಹೊಲ ಮಾವನಿಗೇ ಗುತ್ತಿಗೆಗೆ ಕೊಟ್ಟು ನಾನೂ ನಿನ್ನ ಕಾಲೇಜಿನ ಹತ್ತಿರ ಬಂದುಬಿಡ್ತೀನಿ. ಒಂದು ರೂಮು ಸಾಕು ಇಬ್ಬರಿಗೆ."

ಆ ಅಂಗಿ ಒಗೆದವಳು ನಾನು. ಕಾಲರಿನ ಒಳಗೊಂದು ಲೇಬಲ್ ಇತ್ತು: ಶೇಕಡಾ ಅರವತ್ತೈದು ಪಾಲಿಯೆಸ್ಟರ್. ಇಂಗ್ಲಿಷಿನಲ್ಲಿ. ಪಾಲಿಯೆಸ್ಟರನ್ನು ಯಾವ ಮಣ್ಣೂ ತಿನ್ನದು. ಅಮ್ಮನಿಗೆ ಓದಲು ಬಾರದು, ನನಗೆ ಬರುತ್ತದೆ. ಅದಕ್ಕೇ ಅಲ್ಲವೇ ಆರನೇ ತರಗತಿಗೇ ನನ್ನನ್ನು ಹಾಸ್ಟೆಲಿಗೆ ಸೇರಿಸಿದ್ದು?

ಸಭಿಕರೇ, ನಾನು ಒಂಬತ್ತು ದಿನ ಬಾಯಿ ಬಿಡಲಿಲ್ಲ. ಹಾಸ್ಟೆಲಿಗೆ ಮರಳಿದ ಮೇಲೂ ಬಿಡಲಿಲ್ಲ. ಒಂಬತ್ತು ದಿನವೂ ಆ ರೂಮಿನಲ್ಲಿ ಒಲೆ ಎಲ್ಲಿ, ಅಮ್ಮನ ಚಾಪೆ ಎಲ್ಲಿ ಎಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. ಹತ್ತನೇ ದಿನ ಅಮ್ಮ ಫೋನು ಮಾಡಿ, ಗುತ್ತಿಗೆಯ ಮಾತು ಮುಗಿಯಿತು ಎಂದಳು. "ಬದುವಿನ ನಿಂಬೆ ಗಿಡ ಮಾತ್ರ ಕಡೀಬೇಡ ಅಂದಿದೀನಿ" ಎಂದಳು. ಆ ದನಿಗೆ ತಡೆಯದೆ ಲೇಬಲ್ ವಿಷಯ ಹೇಳಿಬಿಟ್ಟೆ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಿದ್ದಕ್ಕೆ, ಈಗಷ್ಟೇ ನೋಡಿದೆ ಎಂದೆ.

ಈಗಷ್ಟೇ ನೋಡಿದ್ದಲ್ಲಮ್ಮ.

ಅಮ್ಮ ಗುತ್ತಿಗೆ ತಡೆದಳು, ಮತ್ತೆ ಹೂಳಲು ನಾನು ಹಾಸ್ಟೆಲಿನ ನನ್ನ ದಿಂಬಿನ ಕವರು ಕಳಿಸಿದೆ. ಅದು ಅಪ್ಪಟ ಹತ್ತಿ. ಇಲ್ಲಿಗೆ ಬಂದ ಮೊದಲ ತಿಂಗಳೆಲ್ಲ ರಾತ್ರಿ ಅತ್ತು ಒದ್ದೆಯಾದದ್ದು ಬೆಳಗಾದರೂ ಆರುತ್ತಿರಲಿಲ್ಲ, ಹಾಗಾಗಿ ಗೊತ್ತು. ವಾರ್ಡನ್ ಮೇಡಂ, ನೀವು ಹುಡುಕಿಸುತ್ತಿರುವುದು ಅದನ್ನೇ. ಹೊಲಿಗೆಯ ದಾರವಷ್ಟೇ ಉಳಿದಿದೆ, ಮಿಕ್ಕದ್ದನ್ನು ಮಣ್ಣು ತಿಂದಿದೆ. ಅಮ್ಮ ಇನ್ನು ಹೊಲ ಬಿಟ್ಟು ಬರುವುದಿಲ್ಲ. ಅದಕ್ಕಾಗಿಯೇ ನಾವೆಲ್ಲ ಈಗ ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ.

ವಂದಿಸಬೇಕಾದವರ ಪಟ್ಟಿ ಉದ್ದವಿದೆ. ಆದರೆ ಅಮ್ಮನಿಗೆ ಐದು ಗಂಟೆಯ ಬಸ್ಸು. ಇಲ್ಲಿಂದ ನಿಲ್ದಾಣಕ್ಕೆ ಇಪ್ಪತ್ತು ನಿಮಿಷದ ನಡಿಗೆ, ಆ ಇಪ್ಪತ್ತೂ ನನಗೆ ಬೇಕು. ಹಾಗಾಗಿ ಎಲ್ಲರಿಗೂ ಸೇರಿಸಿ ಒಂದೇ ಸಲ ಧನ್ಯವಾದ ಹೇಳುತ್ತೇನೆ. ನಮಸ್ಕಾರ.