ಪಂಪ್ ಚಾಲೂ ಮಾಡಿದವಳು

ಮಾನ್ಯ ಅಧ್ಯಕ್ಷರಾದ ಜಯಸಿಂಹ ಅವರೇ, ವೇದಿಕೆಯ ಗಣ್ಯರೇ, ಪಾಲಕರೇ, ಮಕ್ಕಳೇ, ಊಟದ ವಾಸನೆ ಬಂದರೂ ಕದಲದೆ ಕುಳಿತಿರುವ ಸಹೃದಯ ಸಭಿಕರೇ,

ವಂದನಾರ್ಪಣೆಗೆ ವಿಮಲಾ ಟೀಚರ್‌ಗೆ, ಅಂದರೆ ನನಗೆ, ಎರಡೇ ನಿಮಿಷ ಎಂದಿದ್ದಾರೆ. ಮುಂಬೈ ವಡಾಲದ ಈ ಶಾಲೆಯಲ್ಲಿ ಇಪ್ಪತ್ತೇಳು ವರ್ಷ ವಿಜ್ಞಾನ ಕಲಿಸಿದವಳು ನಾನು. ಇನ್ನೆರಡು ನಿಮಿಷ ನಾನೇ ತೆಗೆದುಕೊಳ್ಳುತ್ತೇನೆ.

ಈಗಷ್ಟೇ ಏನಾಯಿತು, ನೋಡಿದಿರಲ್ಲ? ಒಂದೊಂದು ಕೋಣೆಯ ಸಾಲುಮನೆಗಳ ಚಾಳಿನ ಮೂರನೇ ಮಾಳಿಗೆಗೆ ನೀರು ಏರಿಸುವ ಮಾದರಿಗೆ ಗುಂಪು ಕೆಲಸದ ಮೊದಲ ಬಹುಮಾನ ಬಂತು. ವಸಿಷ್ಠ, ನಿಶಾ, ಯಕ್ಷಿತಾ ಕಪ್ ಹಿಡಿದು ನಿಂತರು. ಸ್ವಿಚ್ ಒತ್ತಿದರು. ನೀರು ಏರಲಿಲ್ಲ! ಕೊನೆಯ ಸಾಲಿನಿಂದ ಒಬ್ಬ ಹುಡುಗಿ ಓಡಿಬಂದಳು, ಪೈಪ್ ಬಿಚ್ಚಿ ಒಳಗೆ ಸೇರಿದ್ದ ಗಾಳಿ ಬಿಟ್ಟಳು, ಮತ್ತೆ ಜೋಡಿಸಿದಳು. ನೀರು ಮೇಲೇರಿತು. ನೀವು ಚಪ್ಪಾಳೆ ತಟ್ಟಿದಿರಿ. ಯಾರಿಗೆ? ಕಪ್ ಹಿಡಿದ ಮೂವರಿಗೆ! ಅಧ್ಯಕ್ಷರು ಆ ಹುಡುಗಿಗೆ, "ಥ್ಯಾಂಕ್ಯೂ ಬೇಟಾ, ಈಗ ಕೆಳಗೆ ಹೋಗು" ಎಂದರು.

ಅವಳು ಗುರುಬಾಯಿ. ಅದೇ ಗುಂಪಿನ ನಾಲ್ಕನೆಯವಳು. ಮಾದರಿ ಕಟ್ಟಿದವಳೇ ಅವಳು. ಅಪ್ಪ ಮರೆಪ್ಪ ಮಲಾಡ್‌ನಲ್ಲಿ ಬಿಲ್ಡಿಂಗ್‌ಗಳಿಗೆ ಪೈಪ್ ಹಾಕುತ್ತಾರೆ. ಹಾಗಾದರೆ ಬಹುಮಾನ ಏಕಿಲ್ಲ? ಅಂಕ ಸಾಲಲಿಲ್ಲವಂತೆ! ಶನಿವಾರ ಪವಾಯಿಯಲ್ಲಿ ಶಾಲೆ ಶಾಲೆಗಳ ನಡುವಿನ ಪ್ರದರ್ಶನವಿದೆ. ಆ ಪಟ್ಟಿಯಲ್ಲೂ ಮೂರೇ ಹೆಸರು.

ಏನು ಸ್ವಾಮಿ ಈ ಅಂಕ? ಗುಂಪಿನ ಮಕ್ಕಳೇ ಒಬ್ಬರಿಗೊಬ್ಬರು, ತಮಗೆ ತಾವೂ, ಚೀಟಿಯಲ್ಲಿ ಅಂಕ ಹಾಕಬೇಕು. ಎಂಥ ನ್ಯಾಯವಾದ ಪದ್ಧತಿ ಎಂದು ನೀವೆಲ್ಲ ಹೊಗಳಿದಿರಿ. ಮೂವರೂ ಗುರುಬಾಯಿಗೆ "ಇಂಗ್ಲಿಷಿನಲ್ಲಿ ವಿವರಿಸಲಿಲ್ಲ" ಎಂದು ಐದೈದು ಕೊಟ್ಟರು. ಅವಳು ಅವರಿಗೆಲ್ಲ ಹತ್ತಕ್ಕೆ ಹತ್ತು ಕೊಟ್ಟಳು, ತನಗೆ ಎರಡು. ಯಾಕೆ ಎಂದು ಕೇಳಿದರೆ, "ನಾ ಎಲ್ಲಿ ಮಾತಾಡೀನ್ರೀ ಟೀಚರ್? ಬರೇ ಪೈಪ್ ಜೋಡಿಸೀನಿ" ಎಂದಳು.

ನಾಚಿಕೆಯಾಗಬೇಕು! ಮಕ್ಕಳಿಗಲ್ಲ, ಬಿಡಿ. ನಾನು ಮೈಸೂರಿನಲ್ಲಿ ಬಿ.ಎಡ್. ಓದುವಾಗ ಗುಂಪಿನ ಚಾರ್ಟೆಲ್ಲ ಬರೆದವಳು ನಾನು, ನಿಂತು ಓದಿ ಪದಕ ಪಡೆದವಳು ಗೆಳತಿ ರಂಜನಿ. ಇಪ್ಪತ್ತೇಳು ವರ್ಷ ಆ ಕಥೆ ಹೇಳಿ ಹೇಳಿ ಸ್ಟಾಫ್ ರೂಮಿನವರ ತಲೆ ತಿಂದಿದ್ದೇನೆ. ಅಂಥವಳು... ಹೌದು, ಆ ಚೀಟಿ ಪದ್ಧತಿ ತಂದವಳು ನಾನೇ. ಗುರುಬಾಯಿಯ ಉತ್ತರ ಕೇಳಿ ನಕ್ಕು, ಸರಾಸರಿ ತೆಗೆದು, ನಾಲ್ಕೂಕಾಲು ಎಂದು ಬರೆದು ಸಹಿ ಹಾಕಿದವಳೂ ನಾನೇ.

ಗಂಟೆ ಬಾರಿಸಬೇಡಿ ಅಧ್ಯಕ್ಷರೇ, ಮುಗಿಸುತ್ತೇನೆ. ಪವಾಯಿಯ ಪಟ್ಟಿಗೆ ನಾಲ್ಕನೆಯ ಹೆಸರು ಸೇರುವವರೆಗೆ ಅದಕ್ಕೆ ನನ್ನ ಸಹಿ ಬೀಳುವುದಿಲ್ಲ. ವಂದನೆಗೆಂದು ಬರೆದುಕೊಟ್ಟ ಈ ಕಾಗದದಲ್ಲಿ ಮೈಕಿನವರು, ಹೂವಿನವರು, ಊಟದವರು, ಎಲ್ಲರೂ ಇದ್ದಾರೆ. ಎಲ್ಲರಿಗೂ ಧನ್ಯವಾದಗಳು. ಇದರಲ್ಲಿ ಇಲ್ಲದವಳು ಒಬ್ಬಳೇ.

ಗುರುಬಾಯಿ, ಎದ್ದು ನಿಲ್ಲಮ್ಮ. ನನ್ನಿಂದ ತಪ್ಪಾಯಿತು. ಮೊದಲು ನಿನಗೆ, ಆಮೇಲೆ ಈ ಸಭೆಗೆ, ನಮಸ್ಕಾರ.