ಹಚ್ಚೆ ದುಂಡಮ್ಮನ ಮೂರು ಸೇರು

ಕೇಳ್ರಪ್ಪೋ ಕೇಳಿ, ಹತ್ತಿರ ಬಂದು ಕುಂತ್ಕಳಿ. ಏಳು ಹಳ್ಳ ದಾಟಿದರೆ ಒಂದು ಊರು. ಹೆಸರು ಕೇಳಬ್ಯಾಡಿ, ಹೇಳಿದರೆ ನಾಳೆ ಹೋಗಿ ಜಗಳ ತೆಗೀತೀರಿ. ಆ ಊರಲ್ಲಿ ಓದು ಬರೋರು ಒಬ್ಬರಂದ್ರೆ ಒಬ್ಬರಿಲ್ಲ.

ಅಲ್ಲಿ ಹಚ್ಚೆ ಹಾಕೋ ದುಂಡಮ್ಮ ಇದ್ದಳು. ಮದುವೆಯಾಗಿ ಬಂದ ಹೆಣ್ಣು ತೋಳ ಮೇಲೆ ಗಂಡನ ಹೆಸರು ಚುಚ್ಚಿಸ್ಕಬೇಕು, ಅದು ಊರ ಪದ್ಧತಿ. ಆದ್ರೆ ಗಂಡನ ಹೆಸರು ಬಾಯಲ್ಲಿ ಹೇಳಂಗಿಲ್ಲ! ಹೆಂಗಿದೆ ನೋಡಿ ತಮಾಷೆ! ದುಂಡಮ್ಮ ಏನು ಮಾಡೋಳು? ಅತ್ತೇನ ಕೇಳೋಳು, ಮಾವನ್ನ ಕೇಳೋಳು, ಆ ಗಂಡನ್ನೂ ಕೇಳೋಳು. ಆಮೇಲೆ ಮೂರು ಹರಿದಾರಿ ನಡೆದು, ಮಠದ ಅಯ್ನೋರ ಕೈಲಿ ಓಲೆ ಮೇಲೆ ಬರೆಸ್ಕಂಡು ಬಂದು, ಅದನ್ನ ನೋಡಿ ನೋಡಿ ಚುಚ್ಚೋಳು. ತೋಳಿಗೆ ಮೂರು ಸೇರು ರಾಗಿ.

ಹಿಂಗಿರಬೇಕಾದ್ರೆ ಚಿಕ್ಕತಾಯಿ ಅನ್ನೋಳು ಬಂದು ಬಿಡಾರ ಹೂಡಿದಳು. ಅವಳೂ ಹಚ್ಚೆಯೋಳೇ. "ನಂದು ಎರಡೇ ಸೇರು!" ಅಂದಳು. ಒಂದಷ್ಟು ಜನ ಹೋದರು. "ಒಂದೇ ಸೇರು!" ಅಂದಳು. ಊರೇ ಹೋಯ್ತು.

ದುಂಡಮ್ಮನ ಅತ್ತೆ ಎದೆ ಬಡ್ಕಂಡಳು. "ನೀನೂ ಇಳಿಸೇ ಮಾರಾಯ್ತಿ, ಒಲೆ ಹತ್ತಿಸಬೇಕೋ ಬ್ಯಾಡವೋ?"

"ಒಂದು ಸೇರಿಗೆ ಇಳಿಸಿದರೆ ಮಠಕ್ಕೆ ನಡೆಯೋದು ಬಿಡಬೇಕತ್ತೆ. ಅದನ್ನ ಬಿಟ್ಟರೆ ನನ್ನ ಕೆಲಸದಲ್ಲಿ ಏನು ಉಳೀತು?"

"ಹಸಿವು ಉಳೀತು!"

ದುಂಡಮ್ಮನಿಗೆ ಅಳು ಬಂತು, ಆದ್ರೆ ಇಳಿಸಲಿಲ್ಲ. ಗೌಡರ ಸೊಸೆ ಹೊಂಬಾಳೆಯೂ ಆ ಕಡೆ ಹೋದರೆ ಸೂಜಿನ ಹೊಳೆಗೆ ಬಿಟ್ಟು ಕೂಲಿಗೆ ಹೋಗ್ತೀನಿ ಅಂತ ಮನಸಲ್ಲೇ ಅಂದ್ಕಂಡಳು. ಹೊಂಬಾಳೆ ಎಲ್ಲಿಗೆ ಹೋದಳು? ಇನ್ನೆಲ್ಲಿಗೆ! ಒಂದು ಸೇರಿನ ಕಡೆಗೇ ಹೋದಳು.

ಮಾರನೇ ದಿನ ಗೌಡರ ಮನೇಲಿ ಊಟ, ಊರಿಗೆಲ್ಲ ಕರೆ. ಮಠದ ಅಯ್ನೋರೂ ಬಂದಿದ್ದರು. ಇವತ್ತೊಂದು ಹೊತ್ತು ಉಂಡು, ಸೂಜಿ ಹೊಳೆಗೆ ಬಿಡೋಣ ಅಂತ ದುಂಡಮ್ಮನೂ ಹೋದಳು. ಹೊಂಬಾಳೆ ಅಯ್ನೋರ ಕಾಲಿಗೆ ಬಿದ್ದಳು. ಅಯ್ನೋರು ತೋಳು ನೋಡಿದರು, ಕಣ್ಣು ಉಜ್ಕಂಡರು.

"ಗೌಡರೇ, ನಿಮ್ಮ ಮಗ ಜವನಪ್ಪ ಅಲ್ಲವಾ? ಈ ಮುದ್ದೀರ ಯಾರು?"

ಅಯ್ಯಯ್ಯೋ! ಗೌಡರ ಕೈಯಿಂದ ಚೊಂಬು ಬಿತ್ತು. ಹೊಂಬಾಳೆ ಸುಣ್ಣದಂಗೆ ಬಿಳಿಚ್ಕಂಡಳು. ಪಕ್ಕದೋಳು ಹೆದರಿ ತೋಳು ತೋರಿಸಿದಳು. "ಇದೂ ಮುದ್ದೀರ!" ಅವಳ ಪಕ್ಕದೋಳು? "ಇದೂ ಮುದ್ದೀರ!" ಚಿಕ್ಕತಾಯಿ ಹತ್ರ ಚುಚ್ಚಿಸ್ಕಂಡ ಹೊಸ ಸೊಸೆಯರೆಲ್ಲ ಸಾಲಾಗಿ ನಿಂತರು. ಹದಿನೆಂಟು ತೋಳು, ಎಲ್ಲಾ ಮುದ್ದೀರ! ಗೌಡತಿಯೂ ತನ್ನ ಹಳೇ ತೋಳು ಚಾಚಿದಳು. ಅದು ದುಂಡಮ್ಮನ ಕೆಲಸ. "ಚೆಲುವೇಗೌಡ. ಇದು ಸರಿಯಾಗಿದೆ ತಾಯಿ," ಅಂದರು ಅಯ್ನೋರು. ಗೌಡರು ಉಸಿರು ಬಿಟ್ಟರು.

ಕೊನೇ ಪಂಕ್ತೀಲಿ ಮುದ್ದೆ ನುಂಗ್ತಿದ್ದ ಒಬ್ಬ ಗಂಡಸಿಗೆ ನೆತ್ತಿಗೆ ಹತ್ತಿತು. ಯಾರು ಅಂತೀರಿ? ಚಿಕ್ಕತಾಯಿಯ ಗಂಡ! ಅವನೇ ಮುದ್ದೀರ!

ಊರವರು ಚಿಕ್ಕತಾಯೀನ ಹಿಡ್ಕಂಡರು. "ಏನೇ ಇದು ಅನ್ಯಾಯ?"

"ನಂಗೆ ಅಕ್ಷರ ಬರಕಿಲ್ಲ ಕಣಪ್ಪೋ! ನನ್ನ ತೋಳ ಮೇಲಿರೋದನ್ನೇ ನೋಡ್ಕಂಡು ಚುಚ್ಚಿದೆ. ಒಂದು ಸೇರಿಗೆ ಇನ್ನೇನು ಮಾಡ್ಲಿ?"

ಅಂದೋಳು ಹೊಸ ಸೊಸೆಯರ ಸಾಲು ನೋಡಿದಳು, ಗಂಡನ್ನ ನೋಡಿದಳು. ಆಗ ಹೊಳೀತು ನೋಡಿ ಅವಳಿಗೆ, ಹದಿನೆಂಟು ತೋಳ ಮೇಲೂ ತನ್ನ ಗಂಡನೇ! ಹೆಂಗಸರೆಲ್ಲ ಗೋಳೋ ಅಂತ ದುಂಡಮ್ಮನ ಸುತ್ತ ಕೂತರು. ಹಚ್ಚೆ ಅಳಿಸಾಕಾಗುತ್ತಾ? ಆಗಲ್ಲ. "ಅದರ ಮೇಲೆ ಬಳ್ಳಿ ಹಬ್ಬಿಸ್ತೀನಿ, ಕೆಳಗೆ ಸರಿಯಾದ ಹೆಸರು ಹಾಕ್ತೀನಿ. ಅದೇ ಮೂರು ಸೇರು. ಮೊದಲು ಅಯ್ನೋರ ಜೊತೆ ಮಠಕ್ಕೆ ಹೋಗಿ ಹೆಸರು ಬರೆಸ್ಕಂಡು ಬರ್ತೀನಿ," ಅಂದಳು ದುಂಡಮ್ಮ.

ಬೆಳಗ್ಗೆ ಬಾಗಿಲು ತೆಗೆದರೆ ದುಂಡಮ್ಮ ದಂಗಾದಳು. ಹೆಂಗಸರಿಗಿಂತ ಮೊದಲು ಚಿಕ್ಕತಾಯಿ ನಿಂತಿದ್ದಳು, ಮೂಟೆ ಹೊತ್ಕಂಡು. ಗಳಿಸಿದ ರಾಗಿ ಸಾಲದು ಅಂತ ಕಿವಿಯೋಲೆ, ಮೂಗುಬಟ್ಟು ಎಲ್ಲಾ ಮಾರಿ ತಂದಿದ್ದಳು.

"ಹದಿನೆಂಟು ತೋಳಿಗೂ ನಾನೇ ಕೊಡ್ತೀನಿ ಅಕ್ಕಾ, ಮೂರ್ಮೂರು ಸೇರು. ನನ್ನ ಗಂಡನ್ನ ಬಿಡಿಸಿಕೊಡು!"

ಹೇಳಿದ ಬಾಯಿಗೆ ಎಲೆ ಅಡಿಕೆ, ಕೇಳಿದ ಕಿವಿಗೆ ಸುಖನಿದ್ದೆ. ಏಳ್ರಪ್ಪೋ, ಕತೆ ಮಲಗ್ತು.